ಹಾಲಮ್ಮನ ಬಾಣಲೆ

ಬಾಣಲೆಗೆ ಬಿಟ್ಟ ಕರ್ಜಿಕಾಯಿಗಳಲ್ಲಿ ಒಂದಾದರೂ ಒಡೆಯದೆ ಇರುವುದಿಲ್ಲ. ಕಣಕವನ್ನು ಎಷ್ಟೇ ಹದವಾಗಿ ನಾದಿರಲಿ, ಹೂರಣವನ್ನು ಎಷ್ಟೇ ಅಳೆದು ತುಂಬಿರಲಿ, ಅಂಚನ್ನು ಜಡೆ ಹೆಣೆದಂತೆ ಮಡಿಚಿ ಒತ್ತಿರಲಿ, ಎಣ್ಣೆಯಲ್ಲಿ ಎರಡು ಸಲ ಮಗುಚಿ ಬೀಳುವಷ್ಟರಲ್ಲಿ ಯಾವುದೋ ಒಂದು ತನ್ನ ಹೊಟ್ಟೆಯೊಳಗಿದ್ದುದನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಕೊಬ್ಬರಿ, ಗಸಗಸೆ, ಪುಟಾಣಿ ಹಿಟ್ಟು ಎಣ್ಣೆಯ ತುಂಬ ಚದುರಿ ಕಪ್ಪಾಗಿ, ಏನೂ ತಪ್ಪು ಮಾಡದ ಉಳಿದ ಕರ್ಜಿಕಾಯಿಗಳ ಮೈಗೂ ಅಂಟಿಕೊಳ್ಳುತ್ತವೆ. ಆಗ ನಾನು ಆ ಒಡೆದುದನ್ನು ಜಾಲರಿಯಿಂದ ಎತ್ತಿ, ಯಾರಿಗೂ ಕಾಣದಂತೆ ಒಲೆಯ ಪಕ್ಕದ ಸಣ್ಣ ತಟ್ಟೆಗೆ ಹಾಕಿ, ಆಮೇಲೆ ನಾನೇ ತಿನ್ನುತ್ತೇನೆ.

ಹೋದ ದೀಪಾವಳಿಯಲ್ಲಿ ಚೈತ್ರಾ ಇದನ್ನು ಕಂಡುಹಿಡಿದಳು. "ಅಜ್ಜೀ, ನೀನ್ಯಾಕ ಯಾವಾಗ್ಲೂ ಒಡೆದಿದ್ದೇ ತಿಂತಿ?" ಎಂದು ಎಲ್ಲರೆದುರಿಗೆ ಕೇಳಿದಳು. "ಹಲ್ಲಿಲ್ಲದವರಿಗೆ ಅದೇ ಸಲೀಸು ಕಣೇ" ಎಂದೆ. ಮಕ್ಕಳೇ, ಅದು ಸುಳ್ಳು. ಹೂರಣ ಸುಟ್ಟು ಕಲ್ಲಾದ ಕರ್ಜಿಕಾಯಿ ಮೂವತ್ತೆರಡು ಹಲ್ಲಿದ್ದವರಿಗೂ ಸಲೀಸಲ್ಲ. ನಿಜವನ್ನು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ನೋಟ್‌ಬುಕ್ಕಿನಲ್ಲಿ, ನಿಮ್ಮದೇ ಶಾಲೆಯ ಹಳೆಯ ಪುಸ್ತಕದ ಉಳಿದ ಹಾಳೆಗಳಲ್ಲಿ, ನಿಧಾನವಾಗಿ ಬರೆಯುತ್ತಿದ್ದೇನೆ.

ಬರೆಯುವುದು ನನ್ನ ಕಸುಬಲ್ಲ. ಬಾತಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಅವರು ನನ್ನ ಅಪ್ಪನನ್ನು ಕರೆಸಿ, ಹುಡುಗಿಗೆ ಮಾತಿನ ತೊಂದರೆ ಏನಾದರೂ ಇದೆಯೇ ಎಂದು ಕನಿಕರದಿಂದ ವಿಚಾರಿಸಿದರು. ಅಪ್ಪ, "ಮನೀಗೆ ಒಂದಿನ ಬರ್ರಿ ಮೇಷ್ಟ್ರೇ, ಅಣ್ಣತಮ್ಮರ ಜೊತಿ ಜಗಳ ಆಡಾದು ಕೇಳ್ರಿ, ಆಮ್ಯಾಲೆ ತೊಂದ್ರೆ ಯಾರಿಗೆ ಐತೆ ಅಂತ ನೀವೇ ಹೇಳ್ರಿ" ಎಂದರಂತೆ. ನನ್ನ ಸಂಕೋಚವನ್ನು ಊರೆಲ್ಲ ವಿನಯವೆಂದು ಭಾವಿಸಿ ಹೊಗಳಿತು. ಹೆಣ್ಣು ನೋಡಲು ಬಂದವರು ಅದನ್ನು ಗುಣಗಳ ಪಟ್ಟಿಯಲ್ಲಿ ಮೊದಲು ಸೇರಿಸಿಕೊಂಡರು. ಅರವತ್ತರ ಹತ್ತಿರ ಬಂದು ನಿಂತು ಹಿಂದಿರುಗಿ ನೋಡಿದರೆ, ಅದರಲ್ಲಿ ಅರ್ಧ ಭಯ, ಉಳಿದರ್ಧ ಸೋಮಾರಿತನ ಎಂದು ಕಾಣುತ್ತದೆ. ಮಾತನಾಡದಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ತವರಿಗೆ ಹೋಗಿಬರುವುದು ಹೆಚ್ಚಾಯಿತು. ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿದರೆ ನಡುವೆ ಬಾತಿ. ಆದರೆ ಬಾತಿಯಲ್ಲಿ ಬಸ್ಸು ತಾನಾಗಿ ನಿಲ್ಲದು, ನಿಲ್ಲಿಸಿ ಎಂದು ಯಾರಾದರೂ ಹೇಳಬೇಕು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವೆ, ಕಂಡಕ್ಟರನ ಬೆನ್ನನ್ನು ದೀನಳಾಗಿ ನೋಡುವೆ, ಬಾತಿ ಬಂದು ಹೋಗುವುದು, ನಾನು ಮತ್ತೆ ಕೂರುವೆ. ಹೀಗೆ ಎರಡು ಸಲ ಹರಿಹರವನ್ನು ನೋಡಿಕೊಂಡು ಬಂದೆ. ಮೂರನೆಯ ಸಲ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಸ್ಸು ಅದುರುವಂತೆ, "ಹೋಲ್ಡಾನ್! ಏನಣ್ಣಾ, ಹೆಣ್ಮಗಳು ಎದ್ದು ನಿಂತಿದ್ದು ಕಾಣ್ಸಲ್ಲೇನು? ನಿಲ್ಸಪ್ಪಾ!" ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಯಿ ಏನು ಬ್ಯಾಂಕ್ನಾಗ ಇಟ್ಟು ಬಂದೀರೇನ್ರಿ ಅಕ್ಕ?" ಎಂದಳು. ಅವಳೇ ಹಾಲಮ್ಮ. ಹರಿಹರದವಳು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು. ದಿನಾ ಬೆಳಿಗ್ಗೆ ದಾವಣಗೆರೆಗೆ ಕೆಲಸಕ್ಕೆ ಬಂದು ಸಂಜೆ ಇದೇ ಬಸ್ಸಿಗೆ ಮರಳುತ್ತಿದ್ದಳು.

ಅವಳೇ ನನ್ನನ್ನು ವಿಶಾಲಮ್ಮನವರ ಅಡುಗೆಕೋಣೆಗೆ ಕರೆದುಕೊಂಡು ಹೋದದ್ದು. "ಮನಿಯಾಗ ಕುಂತು ಗೋಡೆ ನೋಡಾಕಿಂತ ಬರ್ರಿ. ಹಿಟ್ಟು ನಾದಿದ್ರೆ ಕೈಗಾದ್ರೂ ಮಾತು ಬರ್ತಾವೆ" ಎಂದಳು. ನಿಜಲಿಂಗಪ್ಪ ಬಡಾವಣೆಯಲ್ಲಿ ವಿಶಾಲಮ್ಮನವರ ಮನೆಯ ಹಿಂದೆ ತಗಡಿನ ಮಾಡಿನ ಉದ್ದನೆಯ ಕೋಣೆ. ದಿನವೂ ರೊಟ್ಟಿ, ಶೇಂಗಾ ಚಟ್ನಿಪುಡಿ. ದಸರಾ ಮುಗಿಯುತ್ತಲೇ ದೀಪಾವಳಿಯ ಕರ್ಜಿಕಾಯಿ, ಚಕ್ಕುಲಿ. ರೈಸ್ ಮಿಲ್ಲಿನಿಂದ ಚೀಲಗಟ್ಟಲೆ ಬರುತ್ತಿದ್ದ ಭತ್ತದ ಹೊಟ್ಟನ್ನು ತುಂಬಿ ಉರಿಸುವ ಒಲೆಗಳು. ಹೊಟ್ಟಿನ ಒಲೆಯ ಹೊಗೆಯನ್ನು ಕಂಡವರೇ ಬಲ್ಲರು. ಅದು ಮೇಲಕ್ಕೆ ಹೋಗುವುದನ್ನು ಮರೆತು ಮನುಷ್ಯರ ಕಣ್ಣನ್ನೇ ಹುಡುಕಿಕೊಂಡು ಬರುತ್ತದೆ. ಮೊದಲ ದಿನ ಹಾಲಮ್ಮ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೊಗೆಯಾಡುವ ಮೂಲೆಯ ಒಲೆಯ ಮುಂದೆ ಕೂರಿಸಿದಳು. "ಇಲ್ಲೇ ಕೂಡ್ರಿ ಅಕ್ಕ. ಇಲ್ಲಿ ಯಾರೂ ಏನೂ ಕೇಳಲ್ಲ" ಎಂದಳು. ಹೊಸಬಳೆಂದು ಕೆಟ್ಟ ಜಾಗ ಕೊಟ್ಟಳಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಆ ಮೂಲೆಯಲ್ಲಿ ಮೂರು ನಾಲ್ಕು ತಿಂಗಳು ಕುಳಿತು ನಾನು ಎಷ್ಟು ಅತ್ತೆನೋ, ಯಾರೂ ಏನೂ ಕೇಳಲಿಲ್ಲ. ಎಲ್ಲರ ಕಣ್ಣೂ ಕೆಂಪಾಗಿರುವ ಜಾಗದಲ್ಲಿ ಒಬ್ಬಳ ಕಣ್ಣನ್ನು ಯಾರು ನೋಡುತ್ತಾರೆ? ಇದನ್ನು ಆಗ ಅರ್ಥಮಾಡಿಕೊಂಡಿದ್ದರೆ, ಮುಂದಿನದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ವರ್ಷಗಳು ಕಳೆದವು. ನಾನು ಹಿರಿಯಳೆಂದೋ, ಎದುರು ಮಾತನಾಡದವಳೆಂದೋ, ವಿಶಾಲಮ್ಮ ಕೋಣೆಯ ಉಸ್ತುವಾರಿಯನ್ನು ನನಗೆ ಒಪ್ಪಿಸಿದರು. ಹಬ್ಬದ ದೊಡ್ಡ ಬಾಣಲೆ ಮಾತ್ರ ಹಾಲಮ್ಮನದು. ಅವಳು ಎಣ್ಣೆಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಸದ್ದು ತೆಳುವಾಯಿತೆಂದರೆ ಜಾಲರಿ ಹಾಕಿದಳೆಂದೇ ಲೆಕ್ಕ. ಅವಳ ಕೈಯಲ್ಲಿ ಬೆಂದ ಕರ್ಜಿಕಾಯಿಗಳೆಲ್ಲ ಅವಳಿಜವಳಿಗಳಂತೆ ಒಂದೇ ಬಣ್ಣಕ್ಕೆ ಬರುತ್ತಿದ್ದವು.

ದಾವಣಗೆರೆ ಜಿಲ್ಲೆಯಾದ ಮರುವರ್ಷವಿರಬೇಕು, ಅವಳ ಒಬ್ಬಳೇ ಮಗಳು ಸುಜಾತಳ ಮದುವೆ ಬೇಸಿಗೆಯಲ್ಲಾಯಿತು. ಮದುವೆಯಾದ ಮೊದಲ ದೀಪಾವಳಿಗೆ ಮಗಳು ಅಳಿಯ ತವರಿಗೆ ಬರಬೇಕಲ್ಲವೇ, ಹಾಲಮ್ಮ ಆಷಾಢದಲ್ಲೇ ಆ ಹಬ್ಬವನ್ನು ಮಾಡಲು ಶುರುಮಾಡಿದಳು. ಅಳಿಯನಿಗೆ ಯಾವ ಬಣ್ಣದ ಅಂಗಿ, ಆರತಿಗೆ ಯಾವ ತಟ್ಟೆ, ಬೀಗರ ಮನೆಗೆ ಎಷ್ಟು ಕರ್ಜಿಕಾಯಿ ಎಂದು ದಿನವೂ ಹೊಸ ಯೋಜನೆ. ಕಣಕ ಲಟ್ಟಿಸುತ್ತಿದ್ದ ಜೈಬುನ್ನಿ, "ಏ ಹಾಲಮ್ಮ, ನಿನ್ ಅಳಿಯ ಬರಾದು ಮೂರ್ ದಿನಕ್ಕೆ, ನೀ ತಿನ್ಸಾದು ನೋಡಿದ್ರೆ ವಾಪಸ್ ಹೋಗಾಕೆ ಬಸ್ಸು ಸಾಲಲ್ಲ, ಲಾರಿ ಬೇಕು ನೋಡು" ಎಂದು ಕಾಡುತ್ತಿದ್ದಳು. ಹಾಲಮ್ಮ ನಕ್ಕು, "ಲಾರೀನೇ ತರ್ಸಾನ ಬಿಡು" ಎನ್ನುತ್ತಿದ್ದಳು.

ಶ್ರಾವಣದಲ್ಲಿ ಸುಜಾತಳಿಗೆ ಕಾಮಾಲೆಯಾಯಿತು. ಮೊದಲು ಎಲ್ಲರೂ ಅದನ್ನು ಬಸುರಿಯ ಸುಸ್ತು ಎಂದುಕೊಂಡರಂತೆ. ಹದಿನೈದು ದಿನಗಳಲ್ಲಿ ಆ ಹುಡುಗಿ ಹೋಗಿಬಿಟ್ಟಳು.

ನಾವೆಲ್ಲ ಹರಿಹರಕ್ಕೆ ಹೋದೆವು. ಉಳಿದವರು ಅತ್ತರು, ಹಾಲಮ್ಮನನ್ನು ಅಪ್ಪಿಕೊಂಡರು, ಏನೇನೋ ಹೇಳಿದರು. ನಾನು ಚಾಪೆಯ ಅಂಚಿನಲ್ಲಿ ಒಂದು ತಾಸು ಕುಳಿತು, ಚಾಪೆಯ ಒಂದು ಎಳೆಯನ್ನು ಬಿಡಿಸಿ, ಎದ್ದು ಬಂದೆ. ನನ್ನ ಮೌನ ಅವಳಿಗೆ ಅರ್ಥವಾಗಿರುತ್ತದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಮಾತು ಬಾರದವರೆಲ್ಲ ಹೀಗೆಯೇ ತಮ್ಮನ್ನು ಸಮಾಧಾನ ಮಾಡಿಕೊಳ್ಳುತ್ತಾರೆ.

ದಸರಾ ಮುಗಿದ ಮರುದಿನ ಹಾಲಮ್ಮ ಕೆಲಸಕ್ಕೆ ಬಂದಳು. ಅಷ್ಟರಲ್ಲಿ ಕೋಣೆಯಲ್ಲಿ ಗುಸುಗುಸು ಶುರುವಾಗಿತ್ತು. ನಮ್ಮ ಕಡೆ ಸಾವಾದ ಮನೆಯಲ್ಲಿ ಆ ವರ್ಷದ ಹಬ್ಬಗಳಿಗೆ ಬಾಣಲೆ ಇಡುವುದಿಲ್ಲ. ಕರಿಯುವುದು ಸಂಭ್ರಮದ ಲಕ್ಷಣ. ಕೊಟ್ಟ ಹೆಣ್ಣಾದ್ದರಿಂದ ತವರಿಗೆ ಆ ಕಟ್ಟಿಲ್ಲ ಎಂದು ಕೆಲವರು, ಹೆತ್ತ ಹೊಟ್ಟೆಗೆ ಕೊಟ್ಟದ್ದೇನು ಇಟ್ಟುಕೊಂಡದ್ದೇನು ಎಂದು ಕೆಲವರು. ಮನೆಯಲ್ಲಿ ಬಾಣಲೆ ಇಡಬಾರದವಳು ಊರಿನ ಹಬ್ಬಕ್ಕೆ ಬಾಣಲೆ ಮುಂದೆ ನಿಲ್ಲಬಹುದೇ? ವಿಶಾಲಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ರತ್ನಕ್ಕ, ಹೆಂಗೆ ಮಾಡಾದು? ಆಕಿ ನಿಮ್ ಗೆಳತಿ, ನೀವೇ ಒಂದ್ಮಾತು ಕೇಳಿ ಹೇಳ್ರಿ" ಎಂದರು.

ಒಂದು ಮಾತು ಕೇಳಬೇಕಿತ್ತು, ಅಷ್ಟೇ. ನಾನು ಕೇಳಲಿಲ್ಲ. ಕೇಳದೆಯೇ ಅವಳಿಗೆ ಒಳ್ಳೆಯದನ್ನು ಮಾಡಲು ಹೊರಟೆ. ಆ ಹೊಗೆ, ಆ ಕಾವು, ಮಗಳಿಗೆಂದು ಕರಿಯಬೇಕಿದ್ದ ಕರ್ಜಿಕಾಯಿ, ಇವೆಲ್ಲ ಅವಳ ಕಣ್ಣ ಮುಂದೆ ಬೇಡವೆಂದು ಯೋಚಿಸಿ, ಎದುರುಗಡೆ ಗಿರಾಕಿಗಳಿಗೆ ತೂಗಿ ಕೊಡುವ ಜಾಗಕ್ಕೆ ಅವಳನ್ನು ಹಾಕಿದೆ. ಅಲ್ಲಿ ಕುರ್ಚಿಯಿತ್ತು, ಫ್ಯಾನಿತ್ತು, ಕಿಟಕಿಯಿತ್ತು. ಹಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಣಲೆಯ ಹತ್ತಿರ ಬಂದವಳು ನಿಂತಳು.

"ಬಾಣ್ಲಿ ಹತ್ರ ಬ್ಯಾಡ ಅಂದ್ರಾ ಅಕ್ಕ?"

"ನಿನಗೆ ಸಲೀಸಾಗ್ಲಿ ಅಂತ ಹಾಲಮ್ಮ..."

"ಎಲ್ಲಾರೂ ಅಂದ್ರಾ, ನೀವೂ ಅಂದ್ರಾ?"

ನಾನು ನೆಲ ನೋಡಿದೆ. ಅವಳು ಸಿಕ್ಕಿಸಿದ ಸೆರಗನ್ನು ಬಿಚ್ಚಿ, ಜಾಲರಿಯನ್ನು ಗೋಡೆಯ ಮೊಳೆಗೆ ತಗುಲಿಸಿ ಮುಂದಿನ ಕೋಣೆಗೆ ಹೋದಳು. ಬಾಣಲೆಯ ಮುಂದೆ ನಾನು ನಿಂತೆ. ಆ ವಾರ ಒಡೆದ ಕರ್ಜಿಕಾಯಿಗಳಿಗೆ ಲೆಕ್ಕವಿಲ್ಲ.

ನೀರು ತುಂಬುವ ಹಬ್ಬಕ್ಕೆ ಎರಡು ದಿನವಿತ್ತು. ತಟ್ಟೆ ತುಂಬ ಕರ್ಜಿಕಾಯಿ ಹಿಡಿದು ಮುಂದಿನ ಕೋಣೆಯ ಪರದೆಯ ಹತ್ತಿರ ಬಂದಾಗ ಆಚೆಯಿಂದ ಗಿರಾಕಿ ಹೆಂಗಸಿನ ದನಿ ಕೇಳಿಸಿತು. ಒಳ್ಳೆಯ ಹೆಂಗಸೇ, ಸಂತೋಷ ಹೆಚ್ಚಾಗಿ ಎಲ್ಲರೊಡನೆ ಹಂಚಿಕೊಳ್ಳುತ್ತಿದ್ದಳು.

"ಚಂದಾಗಿರಾವು ಆರಿಸಿ ಹಾಕ್ರಿ, ಅಳಿಯನ ಮೊದಲ್ನೇ ದೀಪಾವಳಿ. ಒಂದೂ ಒಡೆದಿರಬಾರ್ದು ನೋಡ್ರಿ."

"ಆರಿಸೇ ಹಾಕೀನ್ರಿ" ಎಂದಳು ಹಾಲಮ್ಮ.

"ನಿಮ್ಗೆಷ್ಟು ಮಕ್ಳು?"

"ಒಬ್ಳೇ ಮಗಳು."

"ಮದ್ವಿ ಆಗೈತೇನ್ರಿ? ಹಬ್ಬಕ್ಕೆ ಬರ್ತಾಳ?"

ಆಚೆ ತಕ್ಕಡಿಯ ಸದ್ದು ನಿಂತಿತು. ನನ್ನ ಕೈಯಲ್ಲಿದ್ದ ತಟ್ಟೆಯಿಂದ ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಪರದೆ ಸರಿಸಿದರೆ ಒಂದೇ ಹೆಜ್ಜೆ. ತಕ್ಕಡಿಯನ್ನು ನಾನು ತೆಗೆದುಕೊಂಡು, "ಹಾಲಮ್ಮ, ನೀ ಒಳಗ ಹೋಗು" ಎಂದರೆ ಸಾಕಿತ್ತು.

"ಬರ್ತಾಳ್ರಿ" ಎಂದಳು ಹಾಲಮ್ಮ.

ನಾನು ಪರದೆಯ ಈಚೆಯೇ ನಿಂತಿದ್ದೆ. ಆ ಹೆಂಗಸು ಒಳ್ಳೆಯದಾಗಲಿ ಎಂದು ಹರಸಿ ಹೋದಳು. ಇಂಥ ಪ್ರಶ್ನೆಗಳಿಗೆ ಹಾಲಮ್ಮ ಆ ಎರಡು ವಾರಗಳಲ್ಲಿ ಎಷ್ಟು ಸಲ ಹೀಗೆ ಉತ್ತರ ಕೊಟ್ಟಿದ್ದಳೋ, ಎಷ್ಟು ಬಾರಿ ಮಗಳನ್ನು ಹಬ್ಬಕ್ಕೆ ಕರೆಸಿದ್ದಳೋ, ದೇವರಿಗೇ ಗೊತ್ತು.

ತಟ್ಟೆಯನ್ನು ಹಾಗೆಯೇ ಹಿಡಿದು ಮರಳಿ ಬಂದ ನನ್ನನ್ನು ಜೈಬುನ್ನಿ ಲಟ್ಟಣಿಗೆ ನಿಲ್ಲಿಸಿ ನೋಡಿದಳು. ಅವಳೂ ಕೇಳಿಸಿಕೊಂಡಿದ್ದಳು. ತಮಾಷೆಯಿಲ್ಲದ ಜೈಬುನ್ನಿಯನ್ನು ನಾನು ಕಂಡದ್ದು ಅದೇ ಮೊದಲು.

"ಯಾ ಅಲ್ಲಾ, ಏನ್ ಕೆಲ್ಸ ಮಾಡಿದ್ರಿ ರತ್ನಕ್ಕ! ಹೊಗೆ ಒಳಗ ಕಣ್ಣೀರು ಬಂದ್ರೆ ಯಾರ್ ಕೇಳ್ತಾರೆ? ನಿಮ್ ಯಜಮಾನ್ರು ಹೋದಾಗ ಆಕಿ ನಿಮ್ಮನ್ನ ಎಲ್ಲಿ ಕುಂದ್ರಿಸಿದ್ಲು, ನೆನಪು ಐತಾ? ನೀವು ಆಕೀನ ಒಯ್ದು ಹಬ್ಬದ ಬಾಗ್ಲಾಗ ಕುಂದ್ರಿಸೀರಿ!"

ಮೂಲೆಯ ಒಲೆಯ ಕಡೆ ನೋಡಿದೆ. ಹತ್ತು ವರ್ಷ ತಡವಾಗಿ ಅದು ನನಗೆ ಅರ್ಥವಾಯಿತು. ಈಗಲೇ ಹೋಗಿ ಹೇಳಬೇಕೆಂದುಕೊಂಡೆ, ಗಿರಾಕಿಗಳಿದ್ದರು. ಸಂಜೆ ಹೇಳಬೇಕೆಂದುಕೊಂಡೆ, ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟಿದ್ದಳು. ನಾಳೆ ಬೆಳಿಗ್ಗೆ ಅವಳು ಬರುವ ಮೊದಲೇ ಜಾಲರಿಯನ್ನು ತೊಳೆದು ದೊಡ್ಡ ಬಾಣಲೆಯ ಪಕ್ಕ ಇಟ್ಟಿರುತ್ತೇನೆ, ಮಾತಿನ ಅಗತ್ಯವೇ ಬೀಳುವುದಿಲ್ಲ ಎಂದು ಕೊನೆಗೆ ಉಪಾಯ ಹುಡುಕಿದೆ. ಹಾಗೆಯೇ ಇಟ್ಟೆ. ಹಾಲಮ್ಮ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಬ್ಬ ಬಂತು.

ಆ ದೀಪಾವಳಿಯ ಪಾಡ್ಯದಂದು ನಮ್ಮ ಮನೆಯಲ್ಲಿ ನಿಮ್ಮಮ್ಮ ಬಾಣಲೆ ಇಟ್ಟಾಗ ನನಗೆ ಇನ್ನೊಂದು ನೆನಪಾಯಿತು. ಬಾಣಲೆ ಇಡಬಾರದೆಂಬ ಪದ್ಧತಿಗೆ ಇನ್ನೊಂದು ಅರ್ಧವಿದೆ, ಮಕ್ಕಳೇ. ಬಾತಿಯಲ್ಲಿ ನಾನು ಚಿಕ್ಕವಳಿದ್ದಾಗ ಓಣಿಯ ಯಾವ ಮನೆಯಲ್ಲಿ ಸಾವಾದರೂ ಹಬ್ಬದ ದಿನ ನನ್ನವ್ವ ಮೊದಲು ಕರಿದುದನ್ನು ದೇವರ ಎಡೆಗೆ ತೆಗೆದಿಟ್ಟು, ಎರಡನೆಯದನ್ನು ಆ ಮನೆಗೆ ಕಳುಹಿಸುತ್ತಿದ್ದಳು. ಒಂದು ಮನೆಯ ಬಾಣಲೆ ನಿಂತರೆ ಸುತ್ತಲಿನ ಮನೆಗಳ ಬಾಣಲೆಗಳು ಅದಕ್ಕಾಗಿ ಉರಿಯಬೇಕು. ದುಃಖದವರಿಗೆ ಬಿಡುವು ಕೊಡುವುದೆಂದರೆ ಅವರನ್ನು ಬದಿಗೆ ಸರಿಸುವುದಲ್ಲ, ಅವರ ಪಾಲಿನದನ್ನು ನಾವು ಹೊತ್ತು ಅವರ ಬಾಗಿಲಿಗೆ ಹೋಗುವುದು. ನಾವು ಆ ತಿಂಗಳು ಬೆಟ್ಟದಷ್ಟು ಕರಿದಿದ್ದೆವು. ಊರಿಗೆಲ್ಲ ತೂಗಿ ಕೊಟ್ಟಿದ್ದೆವು. ಹಾಲಮ್ಮನ ಮನೆಗೆ ಒಂದೇ ಒಂದು ಕರ್ಜಿಕಾಯಿ ಹೋಗಿರಲಿಲ್ಲ. ಕಿತ್ತುಕೊಳ್ಳುವ ಅರ್ಧವನ್ನು ನೆನಪಿಟ್ಟು ಕೊಡುವ ಅರ್ಧವನ್ನು ನಾನು ಮರೆತಿದ್ದೆ.

ಹಬ್ಬ ಮುಗಿದ ನಾಲ್ಕನೆಯ ದಿನ ಒಂದು ಡಬ್ಬಿ ಕರ್ಜಿಕಾಯಿ ಮಾಡಿಕೊಂಡು ಹರಿಹರಕ್ಕೆ ಹೋದೆ. ಚೆನ್ನಾಗಿರುವುದನ್ನೇ ಆರಿಸಿ, ಒಂದರ ಅಂಚೂ ಮುಕ್ಕಾಗದಂತೆ ಜೋಡಿಸಿದ್ದೆ. ಹಾಲಮ್ಮ ಬಾಗಿಲಲ್ಲೇ ಕಂಡಳು. "ಬರ್ರಿ ಅಕ್ಕ, ಕೂಡ್ರಿ" ಎಂದು ಚಾಪೆ ಹಾಸಿ ನೀರು ಕೊಟ್ಟಳು. ಸಿಟ್ಟು ಮಾಡಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಬಸ್ಸಿನುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಡಬ್ಬಿಯನ್ನು ಮುಂದೆ ತಳ್ಳಿದೆ.

ಅವಳು ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು. "ಒಡೆದಿದ್ದು ಒಂದೂ ಇಲ್ಲಲ್ಲ ಅಕ್ಕ" ಎಂದಳು. "ಆರಿಸಿ ತಂದೀರಿ. ನಮ್ ಸುಜಾತಗೆ ಒಡೆದಿದ್ದೇ ಆಗ್ಬೇಕಿತ್ತು. ಬಾಣ್ಲಿ ಹತ್ರ ತಟ್ಟಿ ಹಿಡಕಂಡು, ಯಾವಾಗ ಒಡಿತಾವೋ ಅಂತ ಕಾಯ್ತಾ ಕುಂದ್ರಾಳು. ನಾನೇ ಬೇಕಂತ ಒಂದರ ಅಂಚು ಸಡಿಲ ಬಿಡ್ತಿದ್ದೆ." ಒಂದು ಕರ್ಜಿಕಾಯಿಯ ಅಂಚನ್ನು ಬೆರಳಿನಿಂದ ಮುಟ್ಟಿ, "ಈ ಸಲ ಅಲ್ಲೇ ನಿಂತು ನಿಮ್ ಬಾಣ್ಲ್ಯಾಗ ಆಕಿಗೆ ಅಂತ ಒಂದು ಬಿಡಾನ ಅಂತಿದ್ದೆ. ಮನ್ಯಾಗ ಇಡಂಗಿಲ್ಲಲ್ಲ" ಎಂದಳು.

ಅದಕ್ಕಾಗಿಯೇ ಅವಳು ಬಂದಿದ್ದಳು, ಮಕ್ಕಳೇ. ಬಿಡುವಿಗಲ್ಲ, ಫ್ಯಾನಿಗಲ್ಲ. ಒಂದು ಕರ್ಜಿಕಾಯಿಯ ಅಂಚನ್ನು ಸಡಿಲ ಬಿಡಲು.

"ತಪ್ಪಾತು ಹಾಲಮ್ಮ" ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿ, "ಹಬ್ಬ ಮುಗೀತಲ್ಲ ಬಿಡ್ರಿ" ಎಂದಳು. ಬಸ್‌ ನಿಲ್ದಾಣದವರೆಗೂ ಜೊತೆಗೆ ಬಂದು, ನನ್ನನ್ನು ಹತ್ತಿಸಿ, ಕಂಡಕ್ಟರನಿಗೆ, "ಅಣ್ಣಾ, ಇವ್ರನ್ನ ದಾವಣಗೆರ್ಯಾಗ ನೋಡಿ ಇಳಿಸ್ರಿ. ಬಾಯಿ ಬಿಟ್ಟು ಹೇಳಾ ಪೈಕಿ ಅಲ್ಲ" ಎಂದು ಕೂಗಿದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಂತೆ ಕಂಡಿತು. ನಾನು ಬಾತಿ ದಾಟುವವರೆಗೂ ಮುಖಕ್ಕೆ ಸೆರಗು ಹಿಡಿದುಕೊಂಡಿದ್ದೆ, ಬಸ್ಸಿನಲ್ಲಿ ಹೊಗೆಯಿರಲಿಲ್ಲ.

ಹಾಲಮ್ಮ ಮತ್ತೆ ಕೆಲಸಕ್ಕೆ ಬರಲಿಲ್ಲ. ಗಂಡ ಹೆಂಡತಿ ಮಲೆಬೆನ್ನೂರಿಗೆ, ಹಾಲಮ್ಮನ ತಮ್ಮನ ಮನೆಯ ಹತ್ತಿರಕ್ಕೆ ಹೋಗಿದ್ದಾರೆಂದು ಜೈಬುನ್ನಿ ಹೇಳಿದಳು. ವಿಳಾಸ ಕೇಳಬೇಕೆಂದುಕೊಂಡು ವರ್ಷಗಳನ್ನೇ ಕಳೆದೆ. ಈ ವರ್ಷ ಕೇಳಿದ್ದೇನೆ, ಕೇಳಿ ಈ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೇನೆ, ಇನ್ನೂ ಹೋಗಿಲ್ಲ. ಬರೆದುದನ್ನು ಓದಿ ನೀವಾದರೂ ನನ್ನನ್ನು ಹೊರಡಿಸುತ್ತೀರೇನೋ ಎಂಬ ಆಸೆಯೂ ಇದರಲ್ಲಿದೆ.

ಕೋಣೆಯಲ್ಲಿ ಈಗ ಯಾರ ಮನೆಯಲ್ಲಾದರೂ ಸಾವಾಗಿ, ಅವರು ಕೆಲಸಕ್ಕೆ ಮರಳಿದರೆ, "ಎಲ್ಲಿ ಕೂಡ್ತೀರಿ?" ಎಂದು ಕೇಳುತ್ತೇನೆ. ಎರಡೇ ಪದ. ಹೇಳುವ ಮೊದಲು ಈಗಲೂ ಸೆರಗು ಸರಿಮಾಡಿಕೊಳ್ಳುತ್ತೇನೆ, ಆದರೆ ಕೇಳುತ್ತೇನೆ. ಕೆಲವರು ಒಲೆ ಎನ್ನುತ್ತಾರೆ, ಒಬ್ಬರು ಮನೆಗೆ ಹೋಗುತ್ತೇನೆ ಎಂದರು, ಒಬ್ಬರು ಎಲ್ಲಾದರೂ ಸರಿ ಎಂದು ಮುಂದಿನ ಕುರ್ಚಿಯನ್ನೇ ಆರಿಸಿಕೊಂಡರು. ಕೇಳದೆ ಇದನ್ನು ತಿಳಿಯುವ ಬಗೆ ನನಗಂತೂ ಸಿಕ್ಕಿಲ್ಲ.

ಇನ್ನು ಹದಿನೈದು ದಿನಕ್ಕೆ ದೀಪಾವಳಿ. ಚೈತ್ರಾ, ಈ ಸಲ ನೀನು ತಟ್ಟೆ ಹಿಡಿದು ನನ್ನ ಪಕ್ಕ ಕೂರು. ಎರಡನೆಯ ಸಲ ಬಾಣಲೆಯಿಂದ ತೆಗೆದದ್ದನ್ನು ಡಬ್ಬಿಗೆ ತುಂಬು, ಮಲೆಬೆನ್ನೂರಿಗೆ ಹೋಗೋಣ; ಬಸ್ಸು ನಿಲ್ಲಿಸಿ ಎಂದು ನಾನೇ ಕೂಗುತ್ತೇನೆ, ನೀನು ನಗಬಾರದು. ಒಂದರ ಅಂಚನ್ನು ನಾನು ಸಡಿಲ ಬಿಡುತ್ತೇನೆ. ಅದು ಎಣ್ಣೆಯಲ್ಲಿ ಒಡೆದಾಗ ನನ್ನ ಸಣ್ಣ ತಟ್ಟೆಗೆ ಹಾಕಬೇಡ. ಡಬ್ಬಿಯಲ್ಲಿ, ಎಲ್ಲಕ್ಕಿಂತ ಮೇಲೆ, ಮುಚ್ಚಳ ತೆಗೆದ ಕೂಡಲೇ ಕಾಣುವ ಹಾಗೆ ಇಡು.